ಹದಿನಾರು ಚೆಂಡಿಗೆ ಎಷ್ಟು ಕೊಡಬೇಕು?

ಮನೆಯಲ್ಲಿ ಪೂಲ್ ಟೇಬಲ್ ಹಾಕಿಸುವವರು ಸ್ಲೇಟಿನ ದಪ್ಪ ಕೇಳುತ್ತಾರೆ, ಬಟ್ಟೆಯ ಬಣ್ಣ ಆರಿಸುತ್ತಾರೆ, ಟೇಬಲ್ಲಿನ ಕಾಲನ್ನು ತಟ್ಟಿ ತೇಗವೇ ಅಲ್ಲವೇ ಎಂದು ವಿಚಾರಿಸುತ್ತಾರೆ. ಚೆಂಡಿನ ವಿಷಯಕ್ಕೆ ಬಂದಾಗ ಮಾತ್ರ ಟೇಬಲ್ ಜೊತೆ ಪುಕ್ಕಟೆ ಬಂದದ್ದನ್ನೇ ಇಟ್ಟುಕೊಂಡು ಸುಮ್ಮನಾಗುತ್ತಾರೆ. ಇಲ್ಲವೇ ಇನ್ನೊಂದು ತುದಿಗೆ ಹೋಗಿ, ಪಂದ್ಯದ ವಿಡಿಯೊದಲ್ಲಿ ಕಂಡ ಸೆಟ್ಟೇ ಬೇಕೆಂದು ಹಟ ಹಿಡಿಯುತ್ತಾರೆ. ಮೊದಲನೆಯದರಲ್ಲಿ ಆಟ ಕೆಡುತ್ತದೆ, ಎರಡನೆಯದರಲ್ಲಿ ದುಡ್ಡು. ಪುಕ್ಕಟೆ ಸೆಟ್ಟಿನಿಂದ ಒಂದು ಮೆಟ್ಟಿಲು ಮೇಲೆ ಹತ್ತಿದರೆ ಸಿಗುವ ಸುಖ ದೊಡ್ಡದು. ಅಲ್ಲಿಂದ ಮುಂದಿನ ಮೆಟ್ಟಿಲುಗಳಲ್ಲಿ ಬೆಲೆ ಏರಿದಷ್ಟು ಆಟ ಏರುವುದಿಲ್ಲ.

ಪುಕ್ಕಟೆ ಚೆಂಡು ಬಹುಮಟ್ಟಿಗೆ ಪಾಲಿಯೆಸ್ಟರ್ ರಾಳದ್ದು. ಹೊಸದರಲ್ಲಿ ಅದೂ ಮಿಂಚುತ್ತದೆ, ಅಂಕಿಗಳೂ ಅಚ್ಚುಕಟ್ಟಾಗಿರುತ್ತವೆ. ಆಡುತ್ತಾ ಹೋದಂತೆ ಮೈಮೇಲೆ ಗೀರು ಬೀಳುತ್ತವೆ, ಬಿಳಿ ಚೆಂಡು ಹಳದಿಗೆ ತಿರುಗುತ್ತದೆ, ಒಂದಕ್ಕೊಂದು ಬಡಿದಾಗ ಬರುವ ಸದ್ದು ಮಂಕಾಗುತ್ತದೆ. ಫೀನಾಲಿಕ್ ರಾಳದ ಚೆಂಡಿನ ಮೈ ಇದಕ್ಕಿಂತ ಗಟ್ಟಿ, ಸವೆತ ನಿಧಾನ. ಪೂಲ್ ಚೆಂಡಿನ ವ್ಯಾಸ 57.15 ಮಿಲಿಮೀಟರ್, ಲೆಕ್ಕ ಹಾಕಿದರೆ ಗಾತ್ರ ಸುಮಾರು 98 ಘನ ಸೆಂಟಿಮೀಟರ್. ಚೆಂಡು 168 ಗ್ರಾಂ ತೂಗಿದರೆ ಸಾಂದ್ರತೆ ನೀರಿನ 1.7ರಷ್ಟಾಯಿತು. ಗಾಲ್ಫ್ ಆಡುವವರು ಚೆಂಡನ್ನು ಉಪ್ಪುನೀರಿನಲ್ಲಿ ತೇಲಿಸಿ, ಭಾರ ಒಂದು ಕಡೆಗೆ ವಾಲಿದೆಯೇ ಎಂದು ನೋಡುವುದುಂಟು. ಆ ಉಪಾಯ ಇಲ್ಲಿ ನಡೆಯುವುದಿಲ್ಲ. ಎಷ್ಟು ಉಪ್ಪು ಸುರಿದರೂ ಪೂಲ್ ಚೆಂಡು ತಳಕ್ಕೇ ಹೋಗುತ್ತದೆ.

ಹಾಗಾದರೆ ಪರೀಕ್ಷೆ ಹೇಗೆ? ಪೆಟ್ಟಿಗೆಯ ಮೇಲೆ 'ನಿಯಮಕ್ಕೆ ತಕ್ಕ ಅಳತೆ' ಎಂದು ಅಚ್ಚಾಗಿರುತ್ತದೆ. ಅದನ್ನು ನಂಬಿ ಕೂರುವ ಹಾಗಿಲ್ಲ. ವಿಶ್ವ ಪೂಲ್ ಸಂಸ್ಥೆಯ ನಿಯಮದಲ್ಲಿ ಚೆಂಡಿನ ತೂಕ 156ರಿಂದ 170 ಗ್ರಾಂವರೆಗೆ ಇರಬಹುದು, ವ್ಯಾಸ 0.127 ಮಿಲಿಮೀಟರ್ ಆಚೀಚೆ ಆಗಬಹುದು. ಅಂದರೆ 157 ಗ್ರಾಂನ ಕೆಂಪು ಚೆಂಡು, 169 ಗ್ರಾಂನ ಬಿಳಿ ಚೆಂಡು ಒಂದೇ ಪೆಟ್ಟಿಗೆಯಲ್ಲಿದ್ದರೂ ನಿಯಮ ಮುರಿದಂತಾಗಲಿಲ್ಲ. ಆಟ ಮಾತ್ರ ಮುರಿಯುತ್ತದೆ. ಒಳ್ಳೆಯ ಸೆಟ್ಟೆಂದರೆ ನಿಯಮದೊಳಗಿರುವ ಸೆಟ್ಟಲ್ಲ, ತನ್ನೊಳಗೆ ತಾನು ಸಮನಾಗಿರುವ ಸೆಟ್ಟು.

ಸಮ ಇರಲೇಬೇಕೆಂಬ ಈ ಹಟಕ್ಕೆ ಕಾರಣ ಸರಳ. ಉರುಳದೆ ಜಾರುತ್ತಾ ಬಂದ ಬಿಳಿ ಚೆಂಡು ಅಷ್ಟೇ ತೂಕದ ಇನ್ನೊಂದಕ್ಕೆ ನೇರವಾಗಿ ಬಡಿದರೆ, ತನ್ನ ವೇಗವನ್ನೆಲ್ಲ ಅದಕ್ಕೆ ಕೊಟ್ಟು ತಾನು ಬಡಿದ ಜಾಗದಲ್ಲೇ ನಿಲ್ಲುತ್ತದೆ. ಓರೆಯಾಗಿ ಬಡಿದರೆ ಎರಡೂ ಹೆಚ್ಚುಕಡಿಮೆ ಲಂಬಕೋನದಲ್ಲಿ ಬೇರೆಯಾಗುತ್ತವೆ. ಬಿಳಿ ಚೆಂಡು ಮುಂದೆ ಎಲ್ಲಿ ಬಂದು ಕೂರಬೇಕೆಂದು ಆಟಗಾರ ಹಾಕುವ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ. ಬಿಳಿ ಹಗುರಾದರೆ ಸ್ಕ್ರೂ ಹೊಡೆತ ಸಲೀಸಾಗಿ ಹಿಂದೆ ಬರುತ್ತದೆ, ಭಾರವಾದರೆ ಚೆಂಡು ಮುಂದಕ್ಕೇ ಎಳೆಯುತ್ತದೆ. ದುಡ್ಡು ಹಾಕಿ ಆಡುವ ಕಾಯಿನ್ ಟೇಬಲ್ಲುಗಳಲ್ಲಿ ಬಿಳಿ ಚೆಂಡನ್ನು ಬೇರೆ ಕಾಲುವೆಗೆ ಹಾಯಿಸಲೆಂದು ಕೆಲವೆಡೆ 60.3 ಮಿಲಿಮೀಟರಿನ ದೊಡ್ಡ ಚೆಂಡು ಇಡುತ್ತಾರೆ. ಅದೇ ರಾಳದ್ದಾದರೆ ಅದರ ತೂಕ ಸುಮಾರು ಶೇಕಡ 17ರಷ್ಟು ಹೆಚ್ಚು. ಅಂಥ ಟೇಬಲ್ ಹಳೆಯದರಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಮನೆಗೆ ತಂದು, ಆ ಬಿಳಿ ಚೆಂಡಿನಲ್ಲೇ ಮಕ್ಕಳಿಗೆ ಆಟ ಕಲಿಸಿದರೆ ಅವರು ಕಲಿಯುವುದು ಬೇರೆಯದೇ ಆಟ.

ಮೇಲ್ದರ್ಜೆಯ ಸೆಟ್ಟುಗಳ ಪೇಟೆಯಲ್ಲಿ ಹೆಚ್ಚು ಕೇಳಿಬರುವ ಹೆಸರು ಆರಾಮಿತ್. ಬೆಲ್ಜಿಯಂನ ಕಾಲನೆಲ್ ಎಂಬ ಹಳ್ಳಿಯಲ್ಲಿರುವ ಸಾಲುಕ್ ಕಾರ್ಖಾನೆಯಲ್ಲಿ ಇದು ತಯಾರಾಗುತ್ತದೆ. ಕಂಪನಿ ಶುರುವಾದದ್ದು 1923ರಲ್ಲಿ. ಫೀನಾಲಿಕ್ ರಾಳದ ಮೊದಲ ದೊಡ್ಡ ಯಶಸ್ಸಾದ ಬೇಕಲೈಟನ್ನು ಅಮೆರಿಕದಲ್ಲಿ ಕೂತು ಕಂಡುಹಿಡಿದ ಲಿಯೊ ಬೇಕ್‌ಲಂಡ್ ಕೂಡ ಬೆಲ್ಜಿಯಂನ ಗೆಂಟ್ ನಗರದಲ್ಲಿ ಹುಟ್ಟಿದವನು. ಅದಕ್ಕೂ ಮುಂಚೆ, ಚೆಂಡು ಮಾಡಲು ಬಳಸುತ್ತಿದ್ದ ಆನೆಯ ದಂತಕ್ಕೆ ಬದಲಿ ಹುಡುಕಿದವರಿಗೆ ಹತ್ತು ಸಾವಿರ ಡಾಲರ್ ಕೊಡುವುದಾಗಿ 1860ರ ದಶಕದಲ್ಲಿ ಅಮೆರಿಕದ ಬಿಲಿಯರ್ಡ್ಸ್ ಕಂಪನಿಯೊಂದು ಸಾರಿತ್ತು. ಜಾನ್ ವೆಸ್ಲಿ ಹಯಾಟ್ ಸೆಲ್ಯುಲಾಯ್ಡ್ ಹಿಡಿದು ಹೊರಟದ್ದು ಆ ಆಸೆಯಿಂದಲೇ. ಇಂದು ಚೆಂಡಿನ ವಿಷಯದಲ್ಲಿ ಆನೆಗಳು ನೆಮ್ಮದಿಯಾಗಿರಬಹುದು.

ಆರಾಮಿತ್‌ನಲ್ಲಿ ಮನೆಯವರ ಕಣ್ಣಿಗೆ ಬೀಳುವವು ಮುಖ್ಯವಾಗಿ ಮೂರು: ಪ್ರೀಮಿಯಂ, ಸೂಪರ್ ಪ್ರೊ, ಟೂರ್ನಮೆಂಟ್. ಮೂರೂ ಫೀನಾಲಿಕ್‌ನವೇ. ಮೇಲೆ ಹೋದಂತೆ ಅಳತೆಯ ಬಿಗಿ ಹೆಚ್ಚುತ್ತದೆ. ಟೂರ್ನಮೆಂಟಿನಲ್ಲಿ ಇದರ ಜೊತೆಗೆ ಡ್ಯುರಾಮಿತ್ ಎಂದು ಕಂಪನಿ ಕರೆಯುವ, ಸವೆತವನ್ನು ಇನ್ನಷ್ಟು ತಡೆಯುವ ಮೈ ಇದೆ. ಪ್ರೀಮಿಯಂ ಬೆಲೆಗೂ ಟೂರ್ನಮೆಂಟ್ ಬೆಲೆಗೂ ಹೆಚ್ಚೂಕಡಿಮೆ ಎರಡು ಪಟ್ಟಿನ ಅಂತರ.

ಈ ಎರಡು ಪಟ್ಟು ಬೆಲೆಗೆ ಸಿಗುವುದು ಮುಖ್ಯವಾಗಿ ಆಯುಸ್ಸು. ಕ್ಲಬ್ಬಿನಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಬ್ಬರಾದ ಮೇಲೊಬ್ಬರು ಬ್ರೇಕ್ ಹೊಡೆಯುವ ಟೇಬಲ್ಲಿಗೆ ಈ ಲೆಕ್ಕ ಸರಿಹೋಗುತ್ತದೆ. ವ್ಯಾಸ ಕಾಲು ಮಿಲಿಮೀಟರ್ ಸವೆದರೆ ಚೆಂಡು ಸುಮಾರು ಎರಡು ಗ್ರಾಂ ಕಳೆದುಕೊಳ್ಳುತ್ತದೆ. ಹತ್ತಾರು ಸೆಟ್ಟು ಸಾಕುವ ಮಾಲೀಕನಿಗೆ ಅದನ್ನು ತಡೆದಷ್ಟೂ ಲಾಭ. ಮನೆಯ ಕಥೆ ಬೇರೆ. ಶನಿವಾರ ರಾತ್ರಿ ನಾಲ್ಕು ಆಟ, ನೆಂಟರು ಬಂದಾಗ ಇನ್ನಷ್ಟು. ಉಳಿದ ದಿನವೆಲ್ಲ ಚೆಂಡುಗಳು ತಟ್ಟೆಯಲ್ಲಿ ನಿದ್ದೆ ಮಾಡುತ್ತವೆ. ಅಷ್ಟು ಆಟಕ್ಕೆ ಪ್ರೀಮಿಯಂ ಸೆಟ್ಟೇ ವರ್ಷಗಟ್ಟಲೆ ಬಾಳುತ್ತದೆ. ಮುಗಿಸಲಾಗದಷ್ಟು ಆಯುಸ್ಸಿಗೆ ಮುಂಗಡವಾಗಿ ಹಣ ಕಟ್ಟುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ದಿನವೂ ಒಂದೆರಡು ಗಂಟೆ ಅಭ್ಯಾಸ ಮಾಡುವವರು, ಟೂರ್ನಿಗಳಿಗೆ ಹೋಗುವವರು ಸೂಪರ್ ಪ್ರೊ ಕೊಳ್ಳಲಿ. ಬಿಗಿಯಾದ ಅಳತೆಯ ಫಲ ಅವರ ಕೈಗೆ ಗೊತ್ತಾಗುತ್ತದೆ. ಅಂಥವರಿಗೂ ಟೂರ್ನಮೆಂಟ್ ಸೆಟ್ಟು ಆಸೆಯೇ ಹೊರತು ಅಗತ್ಯವಲ್ಲ.

ಆಸೆಗೆ ಬೆಲೆಯಿಲ್ಲ ಎಂದಲ್ಲ. ಬ್ರನ್ಸ್‌ವಿಕ್ ಕಂಪನಿಯ ಸೆಂಟೆನಿಯಲ್ ಸೆಟ್ಟು ನೋಡಿ: ಅಂಕಿಯ ವೃತ್ತದ ಎರಡೂ ಬದಿಗೆ ಚೂಪಾದ ಬಾಣದಂಥ ಗುರುತು, ಗಾಢ ಬಣ್ಣ. ಮೇಜಿನ ಮೇಲೆ ಹರಡಿದಾಗ ಅದರಷ್ಟು ಚೆಂದದ ಸೆಟ್ಟು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಚೆಂದಕ್ಕೇ ಕೊಳ್ಳುತ್ತೇನೆ ಎಂದು ಒಪ್ಪಿಕೊಂಡು ಕೊಳ್ಳುವವರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಟಿವಿ ಸೆಟ್ಟುಗಳ ಬಗ್ಗೆ. ಆರಾಮಿತ್ ಪ್ರೊ ಕಪ್ ಟಿವಿ ಸೆಟ್ಟಿನಲ್ಲಿ 4ನೆಯ ಚೆಂಡು ನೇರಳೆಯ ಬದಲು ಗುಲಾಬಿ, 7ನೆಯದು ಕಡುಗೆಂಪಿನ ಬದಲು ತಿಳಿಕಂದು. ಕ್ಯಾಮೆರಾದಲ್ಲಿ ನೇರಳೆ ಕಪ್ಪಿನಂತೆ, ಕಡುಗೆಂಪು ಕೆಂಪಿನಂತೆ ಕಾಣುತ್ತಿದ್ದುದರಿಂದ ಹುಟ್ಟಿದ ಬದಲಾವಣೆ ಇದು. ಮನೆಯಲ್ಲಿ ಕ್ಯಾಮೆರಾ ಇಲ್ಲ. ಆದರೂ ಟೇಬಲ್ ಮೇಲಿನ ದೀಪ ಮಂದವಾಗಿದ್ದರೆ, ಅಥವಾ ಮನೆಯಲ್ಲಿ ಬಣ್ಣ ಗುರುತಿಸಲು ಕಷ್ಟಪಡುವವರಿದ್ದರೆ, ಈ ಸೆಟ್ಟು ನಿಜಕ್ಕೂ ಉಪಕಾರಿ. ಹಾಗಿಲ್ಲದೆ ಸುಮ್ಮನೆ ಪರದೆಯ ಮೋಹಕ್ಕೆ ಬಿದ್ದು ಹೆಚ್ಚು ಕೊಡಬೇಕಾಗಿಲ್ಲ. ಡೈನಾಸ್ಫಿಯರ್ಸ್, ಸೈಕ್ಲಾಪ್‌ನಂಥ ಹೊಸ ಹೆಸರುಗಳು ಪೈಪೋಟಿಗಿಳಿದಿರುವುದರಲ್ಲೂ ಬಣ್ಣದ ಪಾಲಿದೆ.

ಸೆಟ್ಟಿನಲ್ಲಿ ಉಳಿಸಿದ ಹಣದ ಒಂದು ಪಾಲನ್ನು ಬಿಳಿ ಚೆಂಡಿಗೆ ಹಾಕಿ. ಪ್ರತಿ ಹೊಡೆತದಲ್ಲೂ ಪೆಟ್ಟು ತಿನ್ನುವುದು ಅದೊಂದೇ, ಹಾಗಾಗಿ ಉಳಿದ ಹದಿನೈದಕ್ಕಿಂತ ಮೊದಲು ಸವೆಯುವುದೂ ಅದೇ. ಬಿಡಿಯಾಗಿ ಸಿಗುವ ಪ್ರೊ ಕಪ್ ಚೆಂಡಿನ ಮೈಮೇಲೆ ಆರು ಕೆಂಪು ಚುಕ್ಕೆಗಳಿವೆ. ಹೊಡೆದಾಗ ಚುಕ್ಕೆಗಳು ತಿರುಗುವುದು ಕಂಡು, ಕೊಟ್ಟೆ ಎಂದುಕೊಂಡ ಸ್ಪಿನ್ ಬಿತ್ತೋ ಇಲ್ಲವೋ ತಕ್ಷಣ ತಿಳಿಯುತ್ತದೆ. ಒಂಟಿಯಾಗಿ ಕಲಿಯುವವರಿಗೆ ಇದು ಸಂಬಳ ಕೇಳದ ಗುರು. ಕೊಳ್ಳುವಾಗ ಒಂದೇ ಎಚ್ಚರ: ಅದರ ತೂಕ ನಿಮ್ಮ ಸೆಟ್ಟಿಗೆ ಹೊಂದಬೇಕು. ಗ್ರಾಂನ ಹತ್ತನೇ ಒಂದು ಪಾಲು ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಹದಿನಾರನ್ನೂ ತೂಗಿ ಬರೆದಿಡಿ. ಅತಿ ಭಾರದ್ದಕ್ಕೂ ಅತಿ ಹಗುರದ್ದಕ್ಕೂ ಎರಡು ಗ್ರಾಂ ಮೀರಿ ವ್ಯತ್ಯಾಸ ಕಂಡರೆ, ಆ ಬೆಲೆಗೆ ಆ ಸೆಟ್ಟನ್ನು ನಾನಂತೂ ಇಟ್ಟುಕೊಳ್ಳುವುದಿಲ್ಲ. ಆಮೇಲೆ ತ್ರಿಕೋನದಲ್ಲಿ ಜೋಡಿಸಿ, ಜಾಗ ಬದಲಿಸುತ್ತಾ ನೋಡಿ. ಎಲ್ಲಿಟ್ಟರೂ ಒಂದೇ ಚೆಂಡಿನ ಪಕ್ಕ ಸಂದು ಬೀಳುತ್ತಿದ್ದರೆ ದೋಷ ಆ ಚೆಂಡಿನದು. ಸಂದು ಒಂದೇ ಜಾಗದಲ್ಲಿ ಉಳಿದರೆ ದೋಷ ಬಟ್ಟೆಯದು ಇಲ್ಲವೇ ತ್ರಿಕೋನದ್ದು.

ತೊಳೆಯುವ ಮಾತನ್ನು ಯಾವ ಅಂಗಡಿಯವನೂ ಎತ್ತುವುದಿಲ್ಲ. ಚೆಂಡು ಚೆಂಡಿಗೆ ಉಜ್ಜುವಾಗ ಹೊಡೆದ ದಿಕ್ಕಿನಿಂದ ತುಸು ಪಕ್ಕಕ್ಕೆ ಎಳೆಯುವುದುಂಟು. ಚಾಕ್ ಪುಡಿ, ಕೈಯ ಜಿಡ್ಡು ಕೂತ ಮೈಯಲ್ಲಿ ಈ ಎಳೆತ ಹೆಚ್ಚು. ತಾಗುವ ಬಿಂದುವಿನಲ್ಲೇ ಚಾಕಿನ ಕಲೆ ಸಿಕ್ಕಿಕೊಂಡರಂತೂ, ಸ್ನೂಕರ್ ಆಟಗಾರರು ಕಿಕ್ ಎಂದು ಶಪಿಸುವುದು ಘಟಿಸುತ್ತದೆ. ಕೊಳೆ ಹಿಡಿದ ಟೂರ್ನಮೆಂಟ್ ಸೆಟ್ಟಿಗಿಂತ ಮೈಕ್ರೋಫೈಬರ್ ಬಟ್ಟೆಯಲ್ಲಿ ಆಗಾಗ ಒರೆಸಿದ ಪ್ರೀಮಿಯಂ ಸೆಟ್ಟೇ ನೆಟ್ಟಗೆ ಆಡುತ್ತದೆ. ಉಗುರುಬೆಚ್ಚನೆಯ ನೀರು, ಸೌಮ್ಯ ಸೋಪು ಸಾಕು. ಪಾತ್ರೆ ತಿಕ್ಕುವ ನಾರು, ನೆಲ ತೊಳೆಯುವ ಆಸಿಡ್ ಹತ್ತಿರ ತರಬೇಡಿ.

ನಮ್ಮ ಕಡೆ ಇನ್ನೊಂದು ಗೊಂದಲವಿದೆ: ಯಾವ ಟೇಬಲ್ಲಿಗೆ ಯಾವ ಅಳತೆಯ ಚೆಂಡು ಎಂಬುದು. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್ಪುರದಲ್ಲಿ, ನಿಯಮ ಗಟ್ಟಿಯಾದದ್ದು ಊಟಿ ಕ್ಲಬ್ಬಿನಲ್ಲಿ. ಪಂಕಜ್ ಆಡ್ವಾಣಿ ಅರವಿಂದ್ ಸವೂರ್ ಕೈಕೆಳಗೆ ಪಳಗಿದ ಬೆಂಗಳೂರಿನಲ್ಲಿ ಇವತ್ತಿಗೂ ಗಂಭೀರ ಆಟವೆಂದರೆ ಹನ್ನೆರಡು ಅಡಿ ಟೇಬಲ್ಲಿನದು. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ, ಮನೆಯ ಮಹಡಿಯಲ್ಲಿ ಹಿಡಿಸುವುದು ಮಾತ್ರ ಏಳೆಂಟು ಅಡಿಯದು. ಸ್ನೂಕರ್ ಚೆಂಡು 52.5 ಮಿಲಿಮೀಟರ್, ಇಂಗ್ಲಿಷ್ ಪೂಲ್ ಚೆಂಡು 50.8, ಅಮೆರಿಕನ್ ಪೂಲ್ ಸೆಟ್ಟಿನ 57.15 ಇವೆರಡಕ್ಕಿಂತ ದೊಡ್ಡದು. ಇಂಗ್ಲಿಷ್ ಪೂಲಿನ ಕಿರಿದಾದ ಪಾಕೆಟ್ ಇರುವ ಟೇಬಲ್ಲಿಗೆ ಬೆಲ್ಜಿಯಂನ ದುಬಾರಿ ಸೆಟ್ಟು ತರಿಸಿದರೆ ಚೆಂಡು ಬಾಯಿಯ ಅಂಚಿಗೆ ಬಡಿದು ಹೊರಗೇ ಉಳಿಯುವುದು ಹೆಚ್ಚು. ಆರ್ಡರ್ ಕೊಡುವ ಮೊದಲು ಪಾಕೆಟ್ ಬಾಯಿಗೆ ಟೇಪು ಹಿಡಿಯಿರಿ. ಆರಾಮಿತ್ ಹೆಸರಿನ ನಕಲಿಗಳೂ ಓಡಾಡುತ್ತಿರುವುದರಿಂದ, ಬೆಲೆ ಅನುಮಾನ ಬರುವಷ್ಟು ಕಡಿಮೆಯಿದ್ದರೆ ತಕ್ಕಡಿಯಲ್ಲಿ ತೂಗದೆ ಹಣ ಎಣಿಸಬೇಡಿ.