ಐದು ಲಕ್ಷದ ಚೀಟಿ ಮತ್ತು ದಿನದ ಮಾತ್ರೆ

ನಮ್ಮ ರಾಜ್ಯದಲ್ಲಿ ಬಡತನವನ್ನು ಪಡಿತರ ಚೀಟಿಯಿಂದ ಅಳೆಯುತ್ತಾರೆ. ಆ ಚೀಟಿಯಿಂದ ಅಕ್ಕಿಯಷ್ಟೇ ಅಲ್ಲ, ಶಸ್ತ್ರಚಿಕಿತ್ಸೆಯೂ ದೊರೆಯುತ್ತದೆಂಬುದು ನಿಮಗೆ ತಿಳಿದೇ ಇದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಂತೆ ಬಿ.ಪಿ.ಎಲ್. ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಉಚಿತ. ಇದನ್ನು ಟೀಕಿಸುವ ಮುನ್ನ ಇದಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸುವುದು ನ್ಯಾಯ.

ಈ ಯೋಜನೆಗೆ ಮೊದಲು, 2010ರಲ್ಲಿ, ಉತ್ತರ ಕರ್ನಾಟಕದಲ್ಲಿ ವಾಜಪೇಯಿ ಆರೋಗ್ಯಶ್ರೀ ಆರಂಭವಾಗಿತ್ತು. ಅದು ಜಾರಿಯಲ್ಲಿದ್ದ 300 ಹಳ್ಳಿಗಳನ್ನೂ ಇನ್ನೂ ತಲುಪದಿದ್ದ 272 ನೆರೆಹಳ್ಳಿಗಳನ್ನೂ ಸಂಶೋಧಕರು ಹೋಲಿಸಿ ನೋಡಿದರು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಉಂಟಾಗುವ ಸಾವಿನ ಪ್ರಮಾಣ ಮೊದಲಿನ ಹಳ್ಳಿಗಳಲ್ಲಿ ಶೇ. 64ರಷ್ಟು ಕಡಿಮೆಯಿತ್ತೆಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. 'ಸರಕಾರದ್ದು ಬರೀ ಕಾಗದ' ಎಂದು ಹಗುರವಾಗಿ ಮಾತನಾಡುವ ನಮ್ಮಂಥವರು ಈ ಅಂಕಿಯನ್ನು ನೆನಪಿನಲ್ಲಿಡಬೇಕು.

ಹಾಗಾದರೆ ಕೊರತೆ ಎಲ್ಲಿದೆ? ಯೋಜನೆಯ ಬಾಗಿಲು ತೆರೆಯುವುದು ರೋಗಿ ಆಸ್ಪತ್ರೆಯ ಹಾಸಿಗೆ ಸೇರಿದ ಮೇಲೆ. ಮಧುಮೇಹಿಯಾದ ಕೂಲಿಕಾರನೊಬ್ಬ ಅಂಗಡಿಯಿಂದ ದಿನವೂ ಕೊಳ್ಳುವ ಮಾತ್ರೆಗೆ ಚೀಟಿ ನೆರವಾಗದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ, ನಿಜ. ದಾಸ್ತಾನು ಮುಗಿದ ದಿನ ಆತ ಬರಿಗೈಯಲ್ಲಿ ಮರಳುತ್ತಾನೆ. ಇನ್ನೊಮ್ಮೆ ಹೋಗಬೇಕಾದರೆ ಇನ್ನೊಂದು ದಿನದ ಕೂಲಿ ಬಿಡಬೇಕು. ಮಾತ್ರೆ ತಪ್ಪುತ್ತದೆ, ಕಾಲಿನ ಗಾಯ ಮಾಯುವುದಿಲ್ಲ. ಕೊನೆಗೆ ಕಾಲನ್ನು ಕತ್ತರಿಸಬೇಕಾಗಿ ಬಂದಾಗ ಐದು ಲಕ್ಷದ ಚೀಟಿ ಕೆಲಸಕ್ಕೆ ಬರುತ್ತದೆ! ಕಾಲು ಕಳೆದುಕೊಂಡವನ ಕೂಲಿಯನ್ನು ಮುಂದೆ ಯಾರು ತುಂಬಿಕೊಡುತ್ತಾರೆಂಬುದು ಯೋಜನೆಯ ಲೆಕ್ಕದಲ್ಲಿಲ್ಲ.

ಇದಕ್ಕಿಂತಲೂ ನನ್ನನ್ನು ಕಾಡುವುದು ಆ ಚೀಟಿಯ ಗೆರೆ. ಬಿ.ಪಿ.ಎಲ್. ಚೀಟಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ಅಂದರೆ ಇಡೀ ಮನೆಗೆ ತಿಂಗಳಿಗೆ ಹತ್ತು ಸಾವಿರ. ದಿನಕ್ಕೆ 500 ರೂಪಾಯಿಯಂತೆ ತಿಂಗಳಿಗೆ 25 ದಿನ ದುಡಿಯುವ ಒಬ್ಬನೇ ಗಾರೆ ಕೆಲಸದವನಿಗೆ ವರ್ಷಕ್ಕೆ ಒಂದೂವರೆ ಲಕ್ಷವಾಗುತ್ತದೆ. ಹೆಂಡತಿಯೂ ಕೂಲಿಗೆ ಹೋದರಂತೂ ಮಾತೇ ಬೇಡ. ನಿಯಮವನ್ನು ಅಕ್ಷರಶಃ ಪಾಲಿಸಿದರೆ ಅವರು ಬಡವರಲ್ಲ. ಎ.ಪಿ.ಎಲ್. ಆದವರಿಗೆ 2018ರ ನಿಯಮದಂತೆ ಸರಕಾರ ಭರಿಸುವುದು ಚಿಕಿತ್ಸೆಯ ನಿಗದಿತ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಒಂದು ಲಕ್ಷದ ಶಸ್ತ್ರಚಿಕಿತ್ಸೆಯಾದರೆ ಎಪ್ಪತ್ತು ಸಾವಿರವನ್ನು ಆ ಗಾರೆ ಕೆಲಸದವನೇ ಹೊಂದಿಸಬೇಕು. ಗೆರೆಯ ಈಚೆಗೂ ಆಚೆಗೂ ಆದಾಯದಲ್ಲಿ ಕೆಲವೇ ಸಾವಿರದ ಅಂತರ. ಪರಿಹಾರದಲ್ಲಿ ಮಾತ್ರ ಪಾತಾಳದಷ್ಟು. ಮೆಟ್ಟಿಲುಗಳಿರಬೇಕಾದಲ್ಲಿ ಗೋಡೆ ಕಟ್ಟಿದ್ದೇವೆ. 2024ರ ನವೆಂಬರ್‌ನಲ್ಲಿ ಬಿ.ಪಿ.ಎಲ್. ಚೀಟಿಗಳು ರದ್ದಾದಾಗ ಎದ್ದ ಕೂಗು ಅಕ್ಕಿಗಾಗಿ ಮಾತ್ರ ಎದ್ದದ್ದೆಂದು ನಾನು ಭಾವಿಸುವುದಿಲ್ಲ.

ಅನರ್ಹರ ಚೀಟಿ ರದ್ದಾಗಬೇಡವೇ ಎಂದು ನೀವು ಕೇಳಬಹುದು. ಆಗಬೇಕು. ಆದರೆ ಅದನ್ನು ಹೇಳುವಾಗ ನನ್ನ ನಾಲಿಗೆ ತೊದಲುತ್ತದೆ. ತಪಸ್ಸುಕಾಲದ ಒಂದು ಭಾನುವಾರ, ಎ.ಪಿ.ಎಲ್. ಚೀಟಿಯ ಕೂಲಿ ಕುಟುಂಬವೊಂದರ ತಾಯಿಯ ಹೃದಯದ ಶಸ್ತ್ರಚಿಕಿತ್ಸೆಗಾಗಿ ಬಲಿಪೂಜೆಯ ನಂತರ ನೆರವು ಬೇಡಿದೆ. ಜನರು ಧಾರಾಳವಾಗಿಯೇ ಕೊಟ್ಟರು. ಎಲ್ಲರಿಗಿಂತ ಹೆಚ್ಚು ಕೊಟ್ಟವರು ಸ್ವಂತ ಕಾರಿನಲ್ಲಿ ಬಂದಿದ್ದ ಒಬ್ಬ ಸಜ್ಜನರು. ಅವರ ಮನೆಯಲ್ಲಿ ಬಿ.ಪಿ.ಎಲ್. ಚೀಟಿ ಇರುವುದು ನನಗೆ ಗೊತ್ತಿತ್ತು. ಹಲವು ವರ್ಷಗಳ ಹಿಂದೆ ಅದಕ್ಕಾಗಿ 'ಬಡ ಕುಟುಂಬ' ಎಂದು ಪತ್ರ ಬರೆದು ಮೊಹರು ಒತ್ತಿಕೊಟ್ಟವನು ನಾನೇ.