ಕಪಾಟು ತೋರಿಸಿದರೆ ಸಾಲದು

ಪದವಿ ಕಾಲೇಜುಗಳಲ್ಲಿ ಮೊದಲ ಸೆಮಿಸ್ಟರ್ ಶುರುವಾಗುತ್ತಿದ್ದಂತೆ ಒಂದು ಶಾಸ್ತ್ರ ನಡೆಯುತ್ತದೆ. ಹೊಸ ವಿದ್ಯಾರ್ಥಿಗಳನ್ನು ತಂಡತಂಡವಾಗಿ ಗ್ರಂಥಾಲಯಕ್ಕೆ ಕರೆದೊಯ್ದು, ಎಷ್ಟು ಪುಸ್ತಕ ಒಯ್ಯಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು, ತಡವಾದರೆ ದಂಡವೆಷ್ಟು, ಬ್ಯಾಗು ಎಲ್ಲಿಡಬೇಕು ಎಂದು ಹೇಳುತ್ತಾರೆ. ಒಂದು ಫೋಟೊ ತೆಗೆದರೆ ‘ಲೈಬ್ರರಿ ಓರಿಯೆಂಟೇಶನ್’ ಮುಗಿಯಿತು. ಫೋಟೊ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗಾಗಿ ಇಟ್ಟ ಕಡತಕ್ಕೆ ಸೇರಿತು. ಗ್ರಂಥಾಲಯದ ನಿಯಮಗಳೇನೋ ವಿದ್ಯಾರ್ಥಿಗೆ ಗೊತ್ತಾದವು. ಒಂದು ವಿಷಯದ ಬೆನ್ನು ಹತ್ತಿ ಆಧಾರ ಹುಡುಕುವ ವಿದ್ಯೆಯನ್ನು ಮಾತ್ರ ಯಾರೂ ಕಲಿಸಲಿಲ್ಲ.

ಈ ಪದ್ಧತಿಯನ್ನು ಅಳೆಯಲು ಹೊರಗಿನ ಮಾನದಂಡ ಬೇಕಿಲ್ಲ. ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎನ್ನುತ್ತದೆ. ಗಣಿತದ ಮೇಷ್ಟರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು, 1962ರಲ್ಲಿ ಬೆಂಗಳೂರಿನಲ್ಲೇ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. ಅಂಥವರು ನೆಲೆಸಿದ ನಾಡಿನಲ್ಲಿ ಓದುಗರ ತರಬೇತಿ ಅರ್ಧ ಗಂಟೆಯ ಸುತ್ತಾಟಕ್ಕೆ ಇಳಿದಿದೆ.

ಹುಡುಕುವ ವಿದ್ಯೆಯಲ್ಲಿ ಏನೇನಿದೆ ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ಮೊದಲ ವರ್ಷದ ಇತಿಹಾಸ ತರಗತಿಯಲ್ಲಿ ‘ಕರ್ನಾಟಕದ ಏಕೀಕರಣ’ ಎಂಬ ಅಸೈನ್‌ಮೆಂಟ್ ಕೊಟ್ಟರೆ, ಗೈಡಿನಲ್ಲಿ ಉತ್ತರ ಸಿದ್ಧವಾಗಿದೆ. ಗ್ರಂಥಾಲಯಕ್ಕೆ ಹೋಗಬೇಕಾದ ಕಾರಣವೇ ಇಲ್ಲ. ಅದನ್ನೇ ‘1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದ್ದು ಹೇಗೆ?’ ಎಂದು ಕಿರಿದು ಮಾಡಿದರೆ ಗೈಡು ಕೈಕೊಡುತ್ತದೆ, ಹುಡುಕಾಟ ಆರಂಭವಾಗುತ್ತದೆ. ಕನ್ನಡ ಪುಸ್ತಕಗಳ ವಿವರವನ್ನು ಇಂಗ್ಲಿಷ್ ಅಕ್ಷರದಲ್ಲಿ ತುಂಬಿಸಿಟ್ಟ ಗ್ರಂಥಾಲಯಗಳ ಗಣಕೀಕೃತ ಸೂಚಿಯಲ್ಲಿ ಏಕೀಕರಣ ಎಂದು ಕನ್ನಡದಲ್ಲಿ ಟೈಪು ಮಾಡಿದರೆ ಏನೂ ಬರುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೂ ದೀರ್ಘ, ಹ್ರಸ್ವಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದಿರುತ್ತಾರೆ. ಊರಿನ ಹೆಸರು ಇಂಗ್ಲಿಷ್ ದಾಖಲೆಗಳಲ್ಲಿ 2014ರವರೆಗೆ ‘ಬೆಲ್ಲಾರಿ’ ಆಗಿತ್ತು. ರಾಜ್ಯದ ಹೆಸರು 1973ರವರೆಗೆ ಮೈಸೂರು. 1953ರವರೆಗೆ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿದ್ದುದರಿಂದ ಮದ್ರಾಸಿನ ದಾಖಲೆಗಳನ್ನೂ ನೋಡಬೇಕು. ಇಷ್ಟು ತಿಳಿಯದ ವಿದ್ಯಾರ್ಥಿ ‘ಪುಸ್ತಕ ಇಲ್ಲ’ ಎಂದು ಹೊರಟುಹೋಗುತ್ತಾನೆ. ಪುಸ್ತಕ ಅಲ್ಲೇ ಕಪಾಟಿನಲ್ಲಿರುತ್ತದೆ.

ಕಪಾಟಿನ ವಿಷಯವೂ ಅಷ್ಟೇ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕರ್ನಾಟಕದ ಇತಿಹಾಸ 954.87ರಲ್ಲಿ ಕೂರುತ್ತದೆ, ಕನ್ನಡ ಸಾಹಿತ್ಯ 894.814ರಲ್ಲಿ. ಏಕೀಕರಣದ ಚರಿತ್ರೆ ಮೊದಲನೆಯ ಕಡೆ ಸಿಕ್ಕರೂ, ಏಕೀಕರಣಕ್ಕೆ ದುಡಿದ ಆಲೂರು ವೆಂಕಟರಾಯರ ಆತ್ಮಕಥೆ ‘ನನ್ನ ಜೀವನ ಸ್ಮೃತಿಗಳು’ ಬೇರೆ ಸಾಲಿನಲ್ಲಿರಬಹುದು. ಒಂದೇ ವಿಷಯ ಹಲವು ಕಡೆ ಚೆದುರಿರುತ್ತದೆ ಎಂಬ ಅರಿವು ನಿಯಮಾವಳಿ ಓದಿಸಿದರೆ ಬರುವುದಿಲ್ಲ. ನಾಲ್ಕು ಪುಸ್ತಕ ಹುಡುಕಿಸಿದರೆ ಬರುತ್ತದೆ.

ಇನ್ನು ಆನ್‌ಲೈನ್ ಆಕರಗಳು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಕಾಲೇಜುಗಳಿಗಾಗಿಯೇ ಇ-ಪುಸ್ತಕ, ಇ-ಪತ್ರಿಕೆಗಳನ್ನು ಒದಗಿಸುವ ಎನ್-ಲಿಸ್ಟ್ ನಡೆಸುತ್ತದೆ. ಅದರದೇ ಶೋಧಗಂಗಾದಲ್ಲಿ ದೇಶದ ಪಿಎಚ್‌ಡಿ ಪ್ರಬಂಧಗಳು ಉಚಿತವಾಗಿ ಓದಲು ಸಿಗುತ್ತವೆ. ಎನ್-ಲಿಸ್ಟಿನ ಬಹುಪಾಲು ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದಿಂದ ಬಂದವರಿಗೆ ಅದು ಮೊದಲ ಮೆಟ್ಟಿಲಾಗಲಾರದು. ಶೋಧಗಂಗಾ ಹಾಗಲ್ಲ. ಕನ್ನಡದಲ್ಲೇ ಬರೆದ ಪ್ರಬಂಧಗಳು ಅಲ್ಲಿವೆ. ಮೊದಲ ವರ್ಷದವರು ಇಡೀ ಪ್ರಬಂಧ ಓದಬೇಕಿಲ್ಲ. ಕೊನೆಯ ಗ್ರಂಥಋಣವನ್ನು ಓದುವುದು ಕಲಿತರೆ ಸಾಕು. ಬಳ್ಳಾರಿ ತಾಲ್ಲೂಕಿನ ವಿವಾದ ವಿಚಾರಿಸಿದ ನ್ಯಾಯಮೂರ್ತಿ ಮಿಶ್ರಾ ಅವರ ವರದಿ, 1955ರ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ, ಗೆಜೆಟಿಯರು, ಆ ಕಾಲದ ಪತ್ರಿಕೆಗಳು ಎಂದು ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಇಂಥ ಆಕರಗಳ ಪಟ್ಟಿಯನ್ನು ಎಐಗೆ ಕೇಳಿದರೆ, ಅಸ್ತಿತ್ವದಲ್ಲೇ ಇಲ್ಲದ ಪುಸ್ತಕದ ಹೆಸರೂ ಬರುವುದುಂಟು. ಅದನ್ನು ಪತ್ತೆ ಹಚ್ಚಲೂ ಸೂಚಿ ನೋಡಲು ಬರಬೇಕು.

ಹಾಗಾದರೆ ಇದನ್ನು ಏಕೆ ಕಲಿಸುತ್ತಿಲ್ಲ? ಗ್ರಂಥಪಾಲಕರನ್ನು ದೂರುವುದು ಸುಲಭ. ಪುಸ್ತಕ ಕೊಡುವುದು, ಖರೀದಿ, ಲೆಕ್ಕಪರಿಶೋಧನೆ, ನ್ಯಾಕ್ ಮಾಹಿತಿ ಎಲ್ಲವನ್ನೂ ಒಬ್ಬರೇ ನಿಭಾಯಿಸುವ ಕಡೆ ಪಾಠಕ್ಕೆ ಸಮಯವೆಲ್ಲಿ? ಹೆಚ್ಚಿನ ಹೊಣೆ ಅಧ್ಯಾಪಕರದು, ಪಠ್ಯಕ್ರಮ ರೂಪಿಸುವವರದು. ಒಂದೇ ಗೈಡಿನಿಂದ ಇಳಿಸಿಕೊಂಡ ಅಸೈನ್‌ಮೆಂಟಿಗೂ ಇಂಟರ್ನಲ್ ಅಂಕ ಸಿಗುವಾಗ ಕಷ್ಟಪಡುವವರು ಯಾರು? ನ್ಯಾಕ್ ಕೇಳುತ್ತ ಬಂದ ಅಂಕಿಗಳಲ್ಲಿ ದಿನವೊಂದಕ್ಕೆ ಗ್ರಂಥಾಲಯ ಬಳಸುವವರ ಪ್ರಮಾಣವೂ ಒಂದು. ಆದರೆ ಬಾಗಿಲ ಬಳಿಯ ರಿಜಿಸ್ಟರಿನ ಸಹಿಯಿಂದ ಬಂದವರು ಎಷ್ಟು ಎಂದು ತಿಳಿದೀತೇ ಹೊರತು ಹುಡುಕಲು ಕಲಿತವರು ಎಷ್ಟು ಎಂದು ತಿಳಿಯದು. ಯುಜಿಸಿ 2019ರಲ್ಲಿ ಸಂಶೋಧನೆ ಮತ್ತು ಪ್ರಕಟಣಾ ನೀತಿಯ ಎರಡು ಕ್ರೆಡಿಟ್ ಕೋರ್ಸನ್ನು ಕಡ್ಡಾಯ ಮಾಡಿತು, ಆದರೆ ಪಿಎಚ್‌ಡಿಗೆ ಸೇರುವವರಿಗೆ. ಮೂರು ವರ್ಷ ನಕಲು ಮಾಡಿ ಪದವಿ ಪಡೆದವರಿಗೆ ನಕಲು ತಪ್ಪು ಎಂದು ಆಮೇಲೆ ಹೇಳಿದರೆ ಪ್ರಯೋಜನ ಕಡಿಮೆ.

ಇದನ್ನು ಸರಿಪಡಿಸಲು ಹೊಸ ಕಟ್ಟಡವಾಗಲಿ ಅನುದಾನವಾಗಲಿ ಬೇಡ. ಮೊದಲ ಸೆಮಿಸ್ಟರಿನ ಒಂದು ಅಸೈನ್‌ಮೆಂಟನ್ನು ಅಧ್ಯಾಪಕರೂ ಗ್ರಂಥಪಾಲಕರೂ ಕೂಡಿ ರೂಪಿಸಲಿ. ಗೈಡಿನಲ್ಲಿ ಸಿಗದ, ಊರಿಗೆ ಹತ್ತಿರದ ಸಣ್ಣ ಪ್ರಶ್ನೆ ಕೊಡಲಿ. ಯಾವ ಪದ ಹಾಕಿ ಹುಡುಕಿದೆ, ಏನು ಸಿಕ್ಕಿತು, ಯಾವುದನ್ನು ಏಕೆ ಬಿಟ್ಟೆ ಎಂದು ಬರೆದ ಒಂದು ಪುಟಕ್ಕೆ ಅರ್ಧದಷ್ಟು ಅಂಕ ಮೀಸಲಿಡಲಿ. ಉತ್ತರ ತಪ್ಪಿದರೂ ಹುಡುಕಿದ ದಾರಿ ಸರಿಯಿದ್ದರೆ ಅಂಕ ಸಿಗಬೇಕು. ಅಲ್ಲಿಯವರೆಗೆ ಓರಿಯೆಂಟೇಶನ್ ಎಂಬುದು ಕಡತದ ಕೆಲಸವಷ್ಟೇ. ಅದನ್ನು ಶಿಕ್ಷಣ ಎಂದು ಕರೆಯಲಾಗದು.