ಎರಡು ತಿಂಗಳ ಸಂಬಳದ ಕಲ್ಲು

ನಿಶ್ಚಿತಾರ್ಥಕ್ಕೆ ವಜ್ರದುಂಗುರ ಬೇಕಾ ಅಂದ್ರೆ ಚರ್ಚೆ ಸೀದಾ ಕ್ಯಾರೆಟ್, ಕಟ್, ಕ್ಲ್ಯಾರಿಟಿಗೆ ಹೋಗುತ್ತೆ. ನನಗೆ ಕುತೂಹಲ ಇರೋದು ಆ ಆಸೆಯನ್ನು ಬರೆದವರ ಬಗ್ಗೆ. 1947ರಲ್ಲಿ ಡಿ ಬಿಯರ್ಸ್ ಕಂಪನಿಗಾಗಿ ಅಮೆರಿಕದ ಜಾಹೀರಾತು ಬರಹಗಾರ್ತಿ ಫ್ರಾನ್ಸಿಸ್ ಗೆರೆಟಿ, ವಜ್ರ ಶಾಶ್ವತ ಎಂಬರ್ಥದ ಒಂದು ಸಾಲು ಬರೆದರು. (ಆಕೆ ಮದುವೆಯೇ ಆಗಲಿಲ್ಲ, ಅದು ಬೇರೆ ಮಾತು.) ಬರವಣಿಗೆಯಾಗಿ ಅದು ಅದ್ಭುತ. ಪ್ರೀತಿ ಶಾಶ್ವತ ಅನ್ನುತ್ತಲೇ ‘ಇದನ್ನ ಮಾರಬೇಡಿ’ ಅಂತಲೂ ಕಿವಿಯಲ್ಲಿ ಊದುತ್ತೆ. ಕೊಂಡವರೆಲ್ಲ ಮಾರೋಕೆ ಹೊರಟರೆ ಬೆಲೆ ನಿಲ್ಲೋದೆಲ್ಲಿ? 1980ರ ದಶಕದಲ್ಲಿ ‘ಎರಡು ತಿಂಗಳ ಸಂಬಳ’ ಅನ್ನೋ ಅಳತೆಯನ್ನೂ ಅವರ ಜಾಹೀರಾತೇ ಹೇಳಿಕೊಟ್ಟಿತು. ಮಾರುವವನೇ ಗಿರಾಕಿಯ ಜೇಬಿನ ಅಳತೆ ತಗೊಳ್ಳೋದು ಅಂದ್ರೆ ಇದೇ.

ನಮ್ಮ ಮನೆಗಳಲ್ಲಿ ಒಡವೆಗೆ ಇನ್ನೊಂದು ಕೆಲಸವೂ ಇತ್ತು: ಫೀಸಿಗೋ ಆಸ್ಪತ್ರೆಗೋ ದುಡ್ಡು ಬೇಕಾದಾಗ ಒದಗಿಬರೋದು. ಚಿನ್ನ ಅಡವಿಡೋಕೆ ಬ್ಯಾಂಕಿಗೆ ಹೋಗಿ ನೋಡಿ, ಕಲ್ಲಿನ ತೂಕ ಕಳೆದೇ ಸಾಲ ಕೊಡ್ತಾರೆ.

ಲ್ಯಾಬಿನಲ್ಲಿ ಬೆಳೆದ ವಜ್ರವೂ ಅದೇ ಇಂಗಾಲ, ಅದೇ ಗಡಸು. ಬರಿಗಣ್ಣಿಗೆ ವ್ಯತ್ಯಾಸ ಕಾಣಲ್ಲ, ಬೆಲೆ ಮಾತ್ರ ತೀರಾ ಕಮ್ಮಿ. 2018ರಲ್ಲಿ ಸ್ವತಃ ಡಿ ಬಿಯರ್ಸೇ ಅದನ್ನು ಕ್ಯಾರೆಟ್ಟಿಗೆ 800 ಡಾಲರಿನಂತೆ ಮಾರೋಕೆ ಇಳಿಯಿತು. ಹೊಳಪು ಇಷ್ಟವಾದರೆ ಅದನ್ನೇ ಕೊಳ್ಳಿ, ಹುಡುಗಿಗೂ ಹೇಳಿಯೇ ಕೊಳ್ಳಿ. ಗಣಿಯ ಕಲ್ಲೇ ಬೇಕು ಅಂತ ಇಎಂಐಗೆ ಇಳಿಯೋದಾದ್ರೆ, ಬಿಲ್ ಹಾಕಿಸೋ ಮೊದಲು ಅಂಗಡಿಯವರನ್ನ ಒಂದು ಮಾತು ಕೇಳಿ: ‘ನಾಳೆ ವಾಪಸ್ ತಂದ್ರೆ ಎಷ್ಟು ಕೊಡ್ತೀರಿ? ಎಕ್ಸ್‌ಚೇಂಜ್ ಅಲ್ಲ ಸಾರ್, ನಗದು.’